ಹೊಗೆಸೊಪ್ಪು ಒತ್ತುವ ಪ್ರೆಸ್ಸು: ಮಳೆ ಹಿಡಿಯುವವರೆಗೆ ಆದ ಕೆಲಸ

ತಿರುಪು ಕೊನೆಗೂ ಚೌಕಟ್ಟಿನಲ್ಲಿ ಕೂತಿದೆ. ಕಳೆದ ಸಲ ಬರೆದಾಗ ಎರಡು ಸಿ ಚಾನೆಲ್ (ಸಿ ಆಕಾರದ ಕಬ್ಬಿಣದ ತೊಲೆ), ಒಂದು ದಪ್ಪ ಅಡಿಪ್ಲೇಟು ಬಿಟ್ಟರೆ ತೋರಿಸುವುದಕ್ಕೆ ಏನೂ ಇರಲಿಲ್ಲ. ಈಗ ಚಕ್ರ ತಿರುಗಿಸಿದರೆ ಒತ್ತುಪ್ಲೇಟು ಇಳಿಯುತ್ತದೆ, ಎಲೆ ಬಿಲ್ಲೆಯಾಗುತ್ತದೆ. ಪ್ರೆಸ್ಸಿನಿಂದ ತೆಗೆದ ಮೇಲೂ ಅದು ಬಿಲ್ಲೆಯಾಗಿಯೇ ಉಳಿಯುತ್ತದಾ ಅನ್ನುವುದು ಬೇರೆ ಪ್ರಶ್ನೆ. ಈ ಸಲ ಜಾಸ್ತಿ ತಲೆ ಕೆಡಿಸಿಕೊಂಡಿದ್ದು ಅದಕ್ಕೇ.

ಹೊಸದಾಗಿ ಓದುವವರಿಗೆ ಎರಡು ಮಾತು. 19ನೇ ಶತಮಾನದಲ್ಲಿ ಅಮೆರಿಕದ ವರ್ಜೀನಿಯಾ, ನಾರ್ತ್ ಕೆರೊಲಿನಾ ಕಡೆ ಜಗಿಯುವ ಹೊಗೆಸೊಪ್ಪನ್ನು ಗಟ್ಟಿ ಬಿಲ್ಲೆಗಳಾಗಿ ಒತ್ತಿ ಮಾರುತ್ತಿದ್ದರು. ಅದಕ್ಕೆ ಪ್ಲಗ್ ಅನ್ನುತ್ತಾರೆ. ಆ ಒತ್ತುವ ಯಂತ್ರದ ಚಿಕ್ಕ ರೂಪ, ಆದರೆ ನಿಜವಾಗಿ ಕೆಲಸ ಮಾಡುವಂಥದ್ದು, ನನ್ನ ಶೆಡ್ಡಿನಲ್ಲಿ ತಯಾರಾಗುತ್ತಿದೆ. ನಮ್ಮ ಕಡೆ ಜಗಿಯುವವರು ಎಲೆ ಮುರಿದು ಸುಣ್ಣ ತಿಕ್ಕಿ ಬಾಯಿಗೆ ಹಾಕುತ್ತಾರೆ, ಇಲ್ಲವೇ ಕಡ್ಡಿಪುಡಿ. ಒತ್ತಿದ ಬಿಲ್ಲೆಯನ್ನು ಕೊಡಗಿನ ನಮ್ಮ ಸುಂಟಿಕೊಪ್ಪದಲ್ಲಿ ನಾನಂತೂ ನೋಡಿಲ್ಲ. ಕುಶಾಲನಗರದಲ್ಲಿ ಕಾವೇರಿ ಸೇತುವೆ ದಾಟಿದರೆ ಪಿರಿಯಾಪಟ್ಟಣ ತಾಲ್ಲೂಕು. ಅಲ್ಲಿಂದ ಹುಣಸೂರಿನವರೆಗೂ ಹೊಗೆಸೊಪ್ಪಿನ ಹೊಲ, ಎಲೆ ಹದ ಮಾಡುವ ಬ್ಯಾರನ್. ಆದರೆ ಅದು ಟೊಬ್ಯಾಕೊ ಬೋರ್ಡಿನ ಹರಾಜಿಗೆ ಹೋಗುವ ಎಲೆ, ಸಿಗರೇಟಿನ ಜಾತಿ. ನಾನು ತಂದಿದ್ದು ಸಂತೆಯಲ್ಲಿ ಎಲೆ ಅಡಿಕೆ ಜೊತೆ ಮಾರುವ ಕಪ್ಪು ಹೊಗೆಸೊಪ್ಪು. ನಾನು ಜಗಿಯುವವನಲ್ಲ. ಇದು ಮಾರುವುದಕ್ಕೂ ಅಲ್ಲ, ಯಾರ ಬಾಯಿಗೂ ಅಲ್ಲ. ಯಂತ್ರದ ಹುಚ್ಚು, ಅಷ್ಟೇ.

ತಿರುಪಿನ ವಿಷಯ

ತಿರುಪು ಸಿಕ್ಕಿದ್ದು ಗುಜರಿಯಲ್ಲಿ. ಯಾವುದೋ ಹಳೆ ಬೈಂಡಿಂಗ್ ಪ್ರೆಸ್ಸಿನದು. 38 ಎಂಎಂ ದಪ್ಪ, ಚೌಕ ಹಲ್ಲು, ಒಂದು ಸುತ್ತು ತಿರುಗಿಸಿದರೆ 6 ಎಂಎಂ ಇಳಿಯುತ್ತದೆ. ಹಿತ್ತಾಳೆ ನಟ್ಟು ಸವೆದಿತ್ತು, ಹೊಸದನ್ನು ಲೇತಿನಲ್ಲಿ ಮಾಡಿಸಿದೆ. ಮೇಲಿನ ಚಕ್ರ ಕೈಯಲ್ಲಿ ತಿರುಗಿಸುವ ಹಳೆ ಕಾಫಿ ಪಲ್ಪರಿನದು (ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ), ಅಡ್ಡಳತೆ 60 ಸೆಂ.ಮೀ. ಎಸ್ಟೇಟುಗಳಲ್ಲಿ ಇಂಥ ಚಕ್ರಗಳು ಗೋಡೌನಿನ ಮೂಲೆಯಲ್ಲಿ ತುಕ್ಕು ಹಿಡಿಯುತ್ತಿರುತ್ತವೆ, ಕೇಳಿದರೆ ಕೊಡುತ್ತಾರೆ.

ಎರಡೂ ಕೈಯಲ್ಲಿ ತಲಾ 20 ಕೆ.ಜಿ. ಬಲ ಹಾಕಿ ಈ ಚಕ್ರ ತಿರುಗಿಸಿದೆವು ಅಂದುಕೊಳ್ಳಿ. ಘರ್ಷಣೆಯೇ ಇಲ್ಲದಿದ್ದರೆ ಕೆಳಗೆ 12 ಟನ್ನಿಗಿಂತ ಜಾಸ್ತಿ ಒತ್ತಡ ಬರಬೇಕು. ಆದರೆ ಚೌಕ ಹಲ್ಲಿನ ತಿರುಪಿನಲ್ಲಿ ಮುಕ್ಕಾಲು ಭಾಗ ಘರ್ಷಣೆಗೇ ಹೋಗುತ್ತದೆ. ಉಳಿಯುವುದು 3 ಟನ್ ಹತ್ತಿರ. ಇದನ್ನು ನಷ್ಟ ಅನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಆ ಘರ್ಷಣೆ ಇರುವುದರಿಂದಲೇ ಕೈ ಬಿಟ್ಟರೂ ಚಕ್ರ ಹಿಂದಕ್ಕೆ ತಿರುಗುವುದಿಲ್ಲ. ಹಲ್ಲಿನ ಇಳಿಜಾರು 3 ಡಿಗ್ರಿ ಚಿಲ್ಲರೆ ಮಾತ್ರ, ಅದು ಜಾರಬೇಕಾದರೆ ಅದಕ್ಕಿಂತ ಎಷ್ಟೋ ಕಡಿದಾಗಿರಬೇಕು.

ಬಾಟಲ್ ಜ್ಯಾಕ್ (ವಾಹನ ಎತ್ತುವ, ಎಣ್ಣೆಯ ಒತ್ತಡದ ಜ್ಯಾಕು) ಯಾಕೆ ಹಾಕಲಿಲ್ಲ ಅಂತ ಸುಮಾರು ಜನ ಕೇಳಿದ್ದೀರಿ. 10 ಟನ್ನಿನ ಜ್ಯಾಕು ಎಲ್ಲಾ ಬಿಡಿಭಾಗದ ಅಂಗಡಿಯಲ್ಲೂ ಸಿಗುತ್ತದೆ, ಸರಿ. ಅದೇ ತತ್ವದ ನೀರಿನ ಒತ್ತಡದ ಪ್ರೆಸ್ಸಿಗೆ ಇಂಗ್ಲೆಂಡಿನ ಜೋಸೆಫ್ ಬ್ರಾಮಾ ಪೇಟೆಂಟ್ ಪಡೆದಿದ್ದು 1795ರಲ್ಲಿ. ಮುಂದೆ ದೊಡ್ಡ ಪ್ಲಗ್ ಕಾರ್ಖಾನೆಗಳೂ ಆ ಕಡೆಗೇ ಹೋದವು. ಆದರೆ ಅಗ್ಗದ ಬಾಟಲ್ ಜ್ಯಾಕು ಭಾರ ಹೊತ್ತು ರಾತ್ರಿಯಿಡೀ ನಿಂತರೆ ಮೆಲ್ಲಗೆ ಇಳಿಯುತ್ತದೆ. ಇನ್ನೊಂದು ಕಾರಣವೂ ಇದೆ. ನನಗೆ ಬೇಕಿರುವುದು ಆ ಮೊದಲಿನ ಕಾಲದ ಯಂತ್ರ. ವರ್ಜೀನಿಯಾದ ರಿಚ್ಮಂಡ್, ಲಿಂಚ್‌ಬರ್ಗ್, ಡ್ಯಾನ್‌ವಿಲ್ ಊರುಗಳಲ್ಲಿ ಈ ಉದ್ಯಮ ಶುರುವಾಗಿದ್ದು ಕೈ ತಿರುಪಿನ ಪ್ರೆಸ್ಸಿನಿಂದ. ಅವುಗಳ ಉದ್ದ ಸನ್ನೆಗಳನ್ನು ಎಳೆದವರು ಗುಲಾಮರು. ಯಂತ್ರದ ಬಗ್ಗೆ ಬರೆಯುವಾಗ ಇದನ್ನು ಬಿಟ್ಟು ಬರೆದರೆ ಅರ್ಧ ಬರೆದಂತೆ. 3 ಟನ್ ಬರಿಸುವುದಕ್ಕೆ ಮೈಯೆಲ್ಲ ಬೆವರುತ್ತದೆ. ನಾನು ಬೇಸರವಾದಾಗ ನಿಲ್ಲಿಸಿ ಕಾಫಿ ಕುಡಿಯಬಹುದು.

ಅಚ್ಚಿನ ಪೆಟ್ಟಿಗೆ

ಒಳ ಅಳತೆ 150 ಎಂಎಂಗೆ 75 ಎಂಎಂ. ಅಂದರೆ 112 ಚದರ ಸೆಂ.ಮೀ. 3 ಟನ್ನನ್ನು ಇದರ ಮೇಲೆ ಹರಡಿದರೆ ಒಂದು ಚದರ ಸೆಂ.ಮೀ.ಗೆ 27 ಕೆ.ಜಿ.ಯ ಹತ್ತಿರ. ಎಲೆಗೆ ಇಷ್ಟು ಧಾರಾಳ ಸಾಕು.

ಪಕ್ಕದ ಗೋಡೆಗೆ 12 ಎಂಎಂ ಪ್ಲೇಟು ಬೇಕು ಅಂದಾಗ ಲೇತಿನವರು ನಕ್ಕರು. "ಎಲೆ ತಾನೇ ಸಾರ್, ಅದೇನ್ ಕಬ್ಬಿಣ ಬಗ್ಗಿಸುತ್ತಾ? ಇದ್ರಲ್ಲಿ ಬೆಲ್ಲದ ಅಚ್ಚು ಮಾಡ್ತೀರೋ ಹೆಂಗೆ?" ಎಂದರು. ಸಿಹಿ ಪಾಕದಲ್ಲಿ ನೆನೆದ ಎಲೆ ಒತ್ತಡಕ್ಕೆ ಸಿಕ್ಕಾಗ ಕೆಳಕ್ಕೆ ಮಾತ್ರ ತಳ್ಳುವುದಿಲ್ಲ, ಪಕ್ಕಕ್ಕೂ ತಳ್ಳುತ್ತದೆ. ಪೂರ್ತಿ ನೀರಿನ ಹಾಗೆ ಅಲ್ಲದಿದ್ದರೂ ಉದ್ದದ ಗೋಡೆಗೆ ಅರ್ಧ ಟನ್ನಿನಷ್ಟಾದರೂ ಬೀಳಬಹುದು. ಗೋಡೆ ಅರ್ಧ ಎಂಎಂ ಉಬ್ಬಿದರೂ ಒತ್ತುಪ್ಲೇಟಿನ ಅಂಚಿನಿಂದ ಎಲೆ ಮೇಲಕ್ಕೆ ನುಗ್ಗಿ ರೆಕ್ಕೆ ಬರುತ್ತದೆ, ಆಮೇಲೆ ಪ್ಲೇಟು ಸಿಕ್ಕಿಹಾಕಿಕೊಳ್ಳುತ್ತದೆ. ಲೆಕ್ಕ ಬರೆದು ತೋರಿಸಿದ ಮೇಲೆ 12 ಎಂಎಂ ಹಾಕಿ ಮೂಲೆಗಳಿಗೆ ಬೋಲ್ಟು ಕೊಟ್ಟರು. ವೆಲ್ಡಿಂಗ್ ಬೇಡ ಎಂದಿದ್ದೆ. ಬಿಚ್ಚಿ ತೊಳೆಯುವ ಹಾಗಿರಬೇಕು.

ಒಳಗೋಡೆ ತಳದ ಕಡೆ ಕೂದಲೆಳೆಯಷ್ಟು ಅಗಲವಾಗಿದೆ, ಬಿಲ್ಲೆಯನ್ನು ಕೆಳಕ್ಕೆ ತಳ್ಳಿ ಬಿಡಿಸುವುದಕ್ಕೆ. ಒತ್ತುವ ಮುಂಚೆ ಗೋಡೆಗೆ ಜೇನುಮೇಣ ತಿಕ್ಕುತ್ತೇನೆ. ಕೊಡಗಿನಲ್ಲಿ ಅದಕ್ಕೇನು ಬರ, ಅಲ್ವಾ?

ಎಲೆಯನ್ನು ತಯಾರು ಮಾಡುವುದು

ಹಳೆ ಕಾರ್ಖಾನೆಯ ಕ್ರಮ ಹೀಗಿತ್ತು. ಮೊದಲು ಎಲೆಯ ನಡುವಿನ ಕಡ್ಡಿ ತೆಗೆಯುವುದು. ಆಮೇಲೆ ಜೇಷ್ಠಮಧು ಮತ್ತು ಸಕ್ಕರೆ ಕುದಿಸಿದ ಪಾಕದಲ್ಲಿ ಅದ್ದುವುದು. ಒಣಗಿಸುವುದು. ಬೇಕಾದ ತೂಕಕ್ಕೆ ಉಂಡೆ ಕಟ್ಟಿ, ಹೊರಗಿನಿಂದ ಒಂದು ಚೆಂದದ ಎಲೆ ಸುತ್ತಿ, ಆಮೇಲೆ ಅಚ್ಚಿಗೆ. ಮುಂದೆ ಉಂಡೆ ಕಟ್ಟುವುದಕ್ಕೂ ಯಂತ್ರ ಬಂತು. ದೊಡ್ಡ ಅಚ್ಚುಗಳಲ್ಲಿ ಸಾಲು ಸಾಲು ಕೋಶಗಳು, ಪ್ರತಿ ಕೋಶಕ್ಕೂ ಅದರದೇ ಒತ್ತುಗಟ್ಟಿ, ಒಂದೇ ಇಳಿತಕ್ಕೆ ಅಷ್ಟೂ ಬಿಲ್ಲೆ. ಆರ್. ಜೆ. ರೆನಾಲ್ಡ್ಸ್ 1875ರಲ್ಲಿ ವಿನ್‌ಸ್ಟನ್ ಊರಿನಲ್ಲಿ ಶುರು ಮಾಡಿದ್ದು ಇಂಥ ಪ್ಲಗ್ ಕಾರ್ಖಾನೆಯನ್ನೇ. ಸಿಗರೇಟು ಬಂದಿದ್ದು ಎಷ್ಟೋ ಆಮೇಲೆ.

ಜೇಷ್ಠಮಧು ಗ್ರಂಥಿಗೆ ಅಂಗಡಿಯಲ್ಲಿ ಸಿಕ್ಕಿತು. ಸಕ್ಕರೆಯ ಬದಲು ಬೆಲ್ಲ. ಅಮೆರಿಕದಲ್ಲಿ ಇದಕ್ಕೆ ಬರ್ಲಿ ಜಾತಿಯ ಎಲೆಯನ್ನು ಜಾಸ್ತಿ ಬಳಸಿದರು, ಯಾಕೆಂದರೆ ಅದು ಪಾಕವನ್ನು ಚೆನ್ನಾಗಿ ಹೀರುತ್ತದೆ. ನನ್ನ ಸಂತೆ ಎಲೆ ಅಷ್ಟು ಹೀರುವುದಿಲ್ಲ. ಪಾಕವನ್ನು ತೆಳ್ಳಗೆ ಮಾಡಿ, ಬಿಸಿಯಾಗಿರುವಾಗಲೇ ಅದ್ದಿದರೆ ಪರವಾಗಿಲ್ಲ.

ಕೈಗವಸು ಇಲ್ಲದೆ ಈ ಕೆಲಸ ಮಾಡಬೇಡಿ. ಒದ್ದೆ ಹೊಗೆಸೊಪ್ಪಿನಿಂದ ನಿಕೋಟಿನ್ ಚರ್ಮದ ಮೂಲಕವೇ ಒಳಗೆ ಹೋಗುತ್ತದೆ. ಹೊಲದಲ್ಲಿ ಇಬ್ಬನಿ ಹಿಡಿದ ಎಲೆ ಕೊಯ್ಯುವವರಿಗೆ ತಲೆಸುತ್ತು, ವಾಂತಿ ಬರುವುದು ಇದರಿಂದಲೇ. ಪಾಕ ಕುದಿಸುವ ಪಾತ್ರೆ, ಹಬೆ ಹಾಕುವ ಪಾತ್ರೆ ಎಲ್ಲವೂ ಶೆಡ್ಡಿನವೇ ಆಗಿರಬೇಕು. ನಮ್ಮ ಮನೆಯಲ್ಲಿ ಇದು ಕಾನೂನು. "ಆ ವಾಸನೆ ಅಡುಗೆಮನೆಗೆ ಬಂದ್ರೆ ನೀವೂ ಶೆಡ್ಡಲ್ಲೇ ಮಲಗಿ" ಎಂದು ನನ್ನ ಹೆಂಡತಿ ಮೊದಲೇ ಹೇಳಿಬಿಟ್ಟಿದ್ದಾಳೆ.

ಒತ್ತುವುದಲ್ಲ, ಹಿಡಿದಿಡುವುದು

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಪೂರ್ತಿ ಬಿಗಿದಾಗ ಬಿಲ್ಲೆಯ ದಪ್ಪ 24 ಎಂಎಂ. ಐದು ನಿಮಿಷ ಬಿಟ್ಟು ತೆಗೆದರೆ ಕಣ್ಣೆದುರೇ 31 ಎಂಎಂಗೆ ಏಳುತ್ತದೆ. ಪದರ ಬಿಡುತ್ತದೆ, ಅಂಚು ಬಾಯಿ ತೆರೆಯುತ್ತದೆ. ಇನ್ನೂ ಜೋರಾಗಿ ಒತ್ತಿದರೆ ಸರಿಹೋಗುತ್ತದೆ ಅಂತ ಯಾರಿಗಾದರೂ ಅನ್ನಿಸಬಹುದು. ಆದರೆ ಎಲೆಯ ನಾರು ತಾನು ಬಾಗಿದ ರೀತಿಗೆ ಒಗ್ಗಿಕೊಳ್ಳುವುದಕ್ಕೆ ಹೊತ್ತು ಬೇಕು. ಪಾಕದಲ್ಲಿರುವ ಸಕ್ಕರೆ ಪದರಗಳ ನಡುವೆ ಹರಿದು ಅಂಟಿ ಗಟ್ಟಿಯಾಗುವುದಕ್ಕೂ ಹೊತ್ತು ಬೇಕು. ಟನ್ನು ಹೆಚ್ಚಿಸಿ ಆ ಹೊತ್ತನ್ನು ಉಳಿಸಲು ಆಗುವುದಿಲ್ಲ.

ಹಾಗಾದರೆ ರಾತ್ರಿಯಿಡೀ ತಿರುಪಿನಲ್ಲೇ ಬಿಡಬಹುದಲ್ಲ? ಬಿಟ್ಟೆ. ಬೆಳಿಗ್ಗೆ ಚಕ್ರ ಒಂದೇ ಬೆರಳಿಗೆ ತಿರುಗಿತು. ಇದರಲ್ಲಿ ಆಶ್ಚರ್ಯ ಇಲ್ಲ. ತಿರುಪು ಹಿಂದೆ ಬರುವುದಿಲ್ಲ ನಿಜ, ಆದರೆ ತಾನಾಗಿ ಮುಂದಕ್ಕೂ ಹೋಗುವುದಿಲ್ಲ. ಕಬ್ಬಿಣದ ಚೌಕಟ್ಟು 3 ಟನ್ನಿಗೆ ಬಾಗುವುದು ಎಂಎಂನ ಒಂದು ಚೂರು ಮಾತ್ರ. ಎಲೆ ಅದಕ್ಕಿಂತ ಸ್ವಲ್ಪ ಜಾಸ್ತಿ ಕುಗ್ಗಿತು ಅಂದರೆ ಒತ್ತಡ ಅಲ್ಲಿಗೆ ಮುಗಿಯಿತು. ನೀರಿನ ಪ್ರೆಸ್ಸು ಗೆಲ್ಲುವುದು ಇಲ್ಲಿ. ಪಂಪು ಅಥವಾ ಭಾರ ಹೇರಿದ ಸಿಲಿಂಡರು ಹಿಂದಿನಿಂದ ತಳ್ಳುತ್ತಲೇ ಇದ್ದರೆ, ಎಲೆ ಎಷ್ಟು ಕುಗ್ಗಿದರೂ ಪ್ಲೇಟು ಅಷ್ಟು ಇಳಿಯುತ್ತದೆ. ಅಂಥ ಭಾರದ ಸಿಲಿಂಡರನ್ನು 1850ರ ಸುಮಾರಿಗೆ ಇಂಗ್ಲೆಂಡಿನ ವಿಲಿಯಂ ಆರ್ಮ್‌ಸ್ಟ್ರಾಂಗ್ ಬಳಕೆಗೆ ತಂದ, ಮುಖ್ಯವಾಗಿ ಬಂದರಿನ ಕ್ರೇನುಗಳಿಗೆ.

ನಾನು ಆರಿಸಿಕೊಂಡ ದಾರಿ ಸ್ಪ್ರಿಂಗು. ಅಚ್ಚಿನ ಪೆಟ್ಟಿಗೆಯ ಮೇಲೊಂದು, ಕೆಳಗೊಂದು ಪ್ಲೇಟು. ನಾಲ್ಕು ಮೂಲೆಗೆ 16 ಎಂಎಂ ಹೈಟೆನ್ಸೈಲ್ ರಾಡು. ಪ್ರತಿ ರಾಡಿನ ಮೇಲೆ ತಟ್ಟೆ ಸ್ಪ್ರಿಂಗುಗಳ (ನಡುವೆ ತೂತಿರುವ, ಬಟ್ಟಲಿನ ಹಾಗೆ ಬಾಗಿದ ಉಕ್ಕಿನ ಬಿಲ್ಲೆ) ಸಾಲು, ಅದರ ಮೇಲೆ ನಟ್ಟು. ಪೆಟ್ಟಿಗೆಯನ್ನು ಪ್ರೆಸ್ಸಿನಲ್ಲಿಟ್ಟು ಪೂರ್ತಿ ಒತ್ತಿ, ನಟ್ಟು ಬಿಗಿದು, ಆಮೇಲೆ ತಿರುಪು ಸಡಿಲಿಸುವುದು. ಭಾರ ತಿರುಪಿನಿಂದ ರಾಡಿಗೆ ದಾಟುತ್ತದೆ. ಒಂದೊಂದು ರಾಡಿಗೆ ಮುಕ್ಕಾಲು ಟನ್, ಆ ದಪ್ಪಕ್ಕೆ ಅದು ಲೆಕ್ಕಕ್ಕೇ ಇಲ್ಲ. ಎಲೆ 2 ಎಂಎಂ ಕುಗ್ಗಿದರೂ ಸ್ಪ್ರಿಂಗು ಹಿಗ್ಗಿ ತಳ್ಳುತ್ತಿರುತ್ತದೆ. ಕಾರ್ಖಾನೆಗಳಲ್ಲೂ ಒತ್ತಿದ ಬಿಲ್ಲೆಗಳನ್ನು ಪ್ಲೇಟುಗಳ ನಡುವೆ ಬಿಗಿದು ಪಕ್ಕಕ್ಕಿಡುವ ಪದ್ಧತಿ ಇತ್ತು, ಪ್ರೆಸ್ಸು ಮುಂದಿನ ಕೆಲಸಕ್ಕೆ ಖಾಲಿಯಾಗಲಿ ಅಂತ. ನನಗೆ ಅಂಥ ಅವಸರವೇನಿಲ್ಲ, ಒಂದೇ ಪೆಟ್ಟಿಗೆ ಇರುವುದು.

ಜೊತೆಗೆ ಎಲೆಗೆ ಒತ್ತುವ ಮುಂಚೆ ಹಬೆ ಹಾಕಿದೆ. ಬಿಸಿ ಎಲೆ ಮೆತ್ತಗೆ ಬಾಗುತ್ತದೆ, ಬೆಲ್ಲ ಹರಿಯುತ್ತದೆ. ತಣ್ಣಗಾಗುವಾಗ ಬಿಗಿಯಲ್ಲೇ ಇದ್ದರೆ ಅದೇ ಆಕಾರಕ್ಕೆ ಕೂರುತ್ತದೆ. ಹಬೆ ಮತ್ತು ಸ್ಪ್ರಿಂಗು ಎರಡೂ ಸೇರಿದ ಮೇಲೆ ಬಂದ ಬಿಲ್ಲೆ 23 ಎಂಎಂ. ಮೂರು ದಿನ ಮೇಜಿನ ಮೇಲಿಟ್ಟರೂ 24 ದಾಟಿಲ್ಲ. ಅಂಚು ಚೂಪಾಗಿದೆ, ಮೇಲ್ಮೈ ಹೊಳೆಯುತ್ತದೆ, ಬೆರಳಲ್ಲಿ ಕುಟ್ಟಿದರೆ ಮರದ ಸದ್ದು. ಲೇತಿನವರಿಗೆ ಒಂದು ತೋರಿಸಿದೆ. ಮೂಸಿ ನೋಡಿ, ತಲೆ ಆಡಿಸಿ, ಏನೂ ಹೇಳದೆ ಇಟ್ಟುಕೊಂಡರು. ಜಗಿಯಬೇಡಿ ಅಂತ ಹೇಳಿ ಬಂದಿದ್ದೇನೆ.

ಮಳೆ

ಜೂನ್ ಬಂದ ಮೇಲೆ ಎಲ್ಲ ಲೆಕ್ಕವೂ ಬದಲಾಯಿತು. ಏಪ್ರಿಲ್‌ನಲ್ಲಿ ಎಲೆ ಮುಟ್ಟಿದರೆ ಪುಡಿ, ನೀರು ಚಿಮುಕಿಸಿ ಹದಕ್ಕೆ ತರಬೇಕಿತ್ತು. ಈಗ ಶೆಡ್ಡಿನಲ್ಲಿ ತೂಗು ಹಾಕಿದರೆ ಸಾಕು, ಬೆಳಗಾಗುವುದರೊಳಗೆ ಬಟ್ಟೆಯ ಹಾಗೆ ಮೆತ್ತಗಾಗಿರುತ್ತದೆ. ಕಷ್ಟ ಇರುವುದು ಇನ್ನೊಂದು ಕಡೆ. ಪಾಕ ಹಾಕಿದ ಎಲೆ ಒಣಗುವುದೇ ಇಲ್ಲ. ರಿಚ್ಮಂಡಿನವರು ಛಾವಣಿಯ ಮೇಲೆ ಬಿಸಿಲಿಗೆ ಹರಡುತ್ತಿದ್ದರಂತೆ. ಇಲ್ಲಿ ಜುಲೈನಲ್ಲಿ ಛಾವಣಿ ಮೇಲೆ ಹರಡಿದರೆ ಹಾರಂಗಿ ಅಣೆಕಟ್ಟಿಗೆ ಹೋಗಿ ಹುಡುಕಬೇಕು. ಚೆನ್ನಾಗಿ ಒಣಗದ ಎಲೆಯನ್ನು ಒತ್ತಿದರೆ ಒಳಗೆ ಬೂಷ್ಟು. ಹೊರಗೆ ಏನೂ ಕಾಣುವುದಿಲ್ಲ, ಕತ್ತರಿಸಿದಾಗ ಮಧ್ಯದಲ್ಲಿ ಬಿಳಿ.

ಈಗ ಒಲೆಯ ಮೇಲಿನ ಅಟ್ಟದಲ್ಲಿ, ಕರಿಮೆಣಸು ಬೆಚ್ಚಗಿಡುವ ಜಾಗದ ಪಕ್ಕ, ಎಲೆ ಒಣಗುತ್ತಿದೆ. ಅಡುಗೆಮನೆಯದಲ್ಲ, ಹೊರಗಿನ ಬಚ್ಚಲ ಒಲೆ. ಬೆಲ್ಲವನ್ನೂ ಕಡಿಮೆ ಮಾಡಿದ್ದೇನೆ. ಬೆಲ್ಲ ಜಾಸ್ತಿಯಾದಷ್ಟೂ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಎಲೆಯನ್ನು ಒಣಗಿಸುವ ಮುಂಚೆ, ಆಮೇಲೆ ತೂಗಿ, ಐದನೇ ಒಂದು ಭಾಗ ಇಳಿದ ಮೇಲಷ್ಟೇ ಅಚ್ಚಿಗೆ ಹಾಕುವುದು ಎಂದು ಇಟ್ಟುಕೊಂಡಿದ್ದೇನೆ. ಇದು ಪುಸ್ತಕದ ಲೆಕ್ಕ ಅಲ್ಲ, ಸುಂಟಿಕೊಪ್ಪದ ಮಳೆಗಾಲದ ಲೆಕ್ಕ.

ಒಡೆದ ಬಿಲ್ಲೆಗಳೂ ಹಾಳಾಗಲಿಲ್ಲ. ಪಕ್ಕದ ತೋಟದ ರೈಟರು (ಲೆಕ್ಕ, ಆಳುಗಳನ್ನು ನೋಡಿಕೊಳ್ಳುವವರು) ತೆಗೆದುಕೊಂಡು ಹೋದರು. ಉಪ್ಪಿನ ಜೊತೆ ಬಟ್ಟೆಯಲ್ಲಿ ಗಂಟು ಕಟ್ಟಿ, ಒದ್ದೆ ಮಾಡಿ ಕಾಲಿಗೆ ಸವರಿಕೊಂಡರೆ ಜಿಗಣೆ ಹತ್ತಿರ ಬರುವುದಿಲ್ಲ. ಬಿಡಿ ಎಲೆಗಿಂತ ಇದು ಜೇಬಲ್ಲಿ ಇಟ್ಟುಕೊಳ್ಳಲು ಸಲೀಸು ಎಂದರು. ಇಡೀ ಕೆಲಸಕ್ಕೆ ಸಿಕ್ಕಿದ ಮೊದಲ ಗಿರಾಕಿ.

ಮುಂದೆ ಕತ್ತರಿ

ಆ ಕಾಲದ ಅಮೆರಿಕದ ಅಂಗಡಿಗಳಲ್ಲಿ ಗಲ್ಲಾ ಪಕ್ಕ ಎರಕದ ಕಬ್ಬಿಣದ ಒಂದು ಕತ್ತರಿ ಇರುತ್ತಿತ್ತು. ಉದ್ದ ಹಿಡಿ, ಒಂದು ತುದಿಯಲ್ಲಿ ಪಿನ್ನು, ನಡುವೆ ಅಲಗು. ನಮ್ಮ ಅಡಕತ್ತರಿಯನ್ನು ಹಲಗೆಗೆ ಬೋಲ್ಟು ಹಾಕಿ ನಿಲ್ಲಿಸಿದ ಹಾಗೆ. ಗಿರಾಕಿ ಕೇಳಿದಷ್ಟನ್ನು ಬಿಲ್ಲೆಯಿಂದ ಕತ್ತರಿಸಿ ಕೊಡುತ್ತಿದ್ದರು. ನಕಲಿ ಮಾಲಿನ ಕಾಟಕ್ಕೆ ಕಂಪನಿಗಳು ಬಿಲ್ಲೆಯ ಮೇಲೆ ಚಿಕ್ಕ ತಗಡಿನ ಗುರುತು ಚುಚ್ಚಿ ಕಳಿಸುತ್ತಿದ್ದವು. ಆ ತಗಡುಗಳನ್ನು ಈಗಲೂ ಕೂಡಿಡುವವರಿದ್ದಾರೆ.

ಅಲಗಿಗೆ ಹಳೆ ಜೀಪಿನ ಕಮಾನ್ ಪಟ್ಟಿ ಸಿಕ್ಕಿದೆ. ಕತ್ತಿ ಮಾಡುವುದಕ್ಕೆ ನಮ್ಮ ಕಡೆ ಎಲ್ಲರೂ ಹುಡುಕುವುದು ಅದನ್ನೇ. ಕುಲುಮೆಯಲ್ಲಿ ಕಾಯಿಸಿ ನೇರ ಮಾಡಿ, ಎಣ್ಣೆಯಲ್ಲಿ ಅದ್ದಿ, ಮತ್ತೆ ಹದವಾಗಿ ಕಾಯಿಸಿ ಪೆಡಸು ಇಳಿಸಬೇಕು. ಬರೀ ಅದ್ದಿ ಬಿಟ್ಟರೆ ಗಾಜಿನಷ್ಟು ಪೆಡಸು, ಮೊದಲ ಏಟಿಗೇ ಚಕ್ಕೆ ಏಳುತ್ತದೆ. ಪಟ್ಟಿ ಈಗ ಕಮ್ಮಾರರ ಹತ್ತಿರ ಇದೆ. ಅವರಿಗೆ ತೋಟದ ಕತ್ತಿಗಳ ಕೆಲಸವೇ ಕೈತುಂಬ, ನನ್ನದು ಸಾಲಿನ ಕೊನೆಗೆ.

ಅಷ್ಟರಲ್ಲಿ ಹಿಡಿ ಮತ್ತು ಪಿನ್ನಿನ ಕೆಲಸ ಮುಗಿಸಬೇಕು. ಪಿನ್ನು 16 ಎಂಎಂ ಸಾಕು ಅಂತ ಲೇತಿನವರು. 23 ಎಂಎಂ ದಪ್ಪದ ಆ ಬಿಲ್ಲೆಯನ್ನು ಒಮ್ಮೆ ಗರಗಸದಲ್ಲಿ ಕೊಯ್ದು ನೋಡಿದ ಮೇಲೆ ನನಗೆ 20 ಹಾಕಿಸುವ ಮನಸ್ಸು.