ಪೋಕ್ಸೋ ಇದ್ದೂ ಯಾಕೆ ನಿಲ್ಲುತ್ತಿಲ್ಲ?

ನಾನು ವಕೀಲೆ ಅಂತ ಗೊತ್ತಾದರೆ ಸಾಕು, ಮದುವೆ ಊಟದ ಪಂಕ್ತಿಯಲ್ಲೂ ಯಾರಾದರೂ ಕೇಳಿಯೇ ಕೇಳುತ್ತಾರೆ: ‘ಪೋಕ್ಸೋದಂಥ ಬಿಗಿ ಕಾಯ್ದೆ ಇದೆ, ಆದ್ರೂ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ಯಾಕೆ ನಿಲ್ತಿಲ್ಲ? ಗಲ್ಲಿಗೆ ಹಾಕ್ಬೇಕು ಅಲ್ವಾ?’

ಗಲ್ಲು 2019ರ ತಿದ್ದುಪಡಿಯಲ್ಲೇ ಬಂದಿದೆ. ಅದರಿಂದ ಮಕ್ಕಳಿಗೆ ಒಳ್ಳೆಯದಾಯಿತು ಅನ್ನೋದರಲ್ಲಿ ನನಗೆ ಅನುಮಾನ. ದಾಖಲಾಗುವ ಪ್ರಕರಣಗಳಲ್ಲಿ ಆರೋಪಿ ಬಹುಪಾಲು ಮಗುವಿಗೆ ಗೊತ್ತಿರುವವನೇ. ಮಾವ, ಪಕ್ಕದ ಮನೆಯವನು, ಟ್ಯೂಷನ್ ಮೇಷ್ಟ್ರು, ಕೆಲವೊಮ್ಮೆ ಸ್ವಂತ ಅಪ್ಪ. ಶಿಕ್ಷೆ ಜಾಸ್ತಿ ಆದಷ್ಟೂ ಮನೆಯವರ ಬಾಯಿ ಬಿಗಿಯಾಗುತ್ತದೆ. ‘ದುಡಿಯೋನು ಅವನೊಬ್ಬನೇ’, ‘ನಾಳೆ ಹುಡುಗಿ ಮದುವೆ ಹೆಂಗೆ?’ ಅನ್ನುವ ಮಾತೇ ಗೆಲ್ಲುತ್ತದೆ. ದೂರು ಕೊಟ್ಟ ತಾಯಿಯೇ ಕೋರ್ಟಿನಲ್ಲಿ ಉಲ್ಟಾ ಹೊಡೆಯುತ್ತಾಳೆ.

ಹಾಗಂತ ಕಾಯ್ದೆ ವ್ಯರ್ಥ ಅಲ್ಲ. 2012ರಲ್ಲಿ ಇದು ಬರುವ ಮುಂಚೆ ಗಂಡುಮಕ್ಕಳ ವಿಷಯದಲ್ಲಿ ಐಪಿಸಿಯ ‘ಅಸಹಜ ಲೈಂಗಿಕ ಕ್ರಿಯೆ’ ಕುರಿತ 377ನೇ ಕಲಮಿನ ಆಚೆ ಹೆಚ್ಚೇನೂ ಇರಲಿಲ್ಲ. ಈಗ 18 ತುಂಬದ ಎಲ್ಲರಿಗೂ ರಕ್ಷಣೆ ಇದೆ. ಹೇಳಿಕೆ ಪಡೆಯಲು ಪೊಲೀಸರೇ ಮಗು ಇರುವಲ್ಲಿಗೆ, ಯೂನಿಫಾರ್ಮ್ ಇಲ್ಲದೆ ಹೋಗಬೇಕು. ಪಾಟೀಸವಾಲನ್ನು ವಕೀಲರು ನೇರವಾಗಿ ಕೇಳುವಂತಿಲ್ಲ, ಜಡ್ಜ್ ಮೂಲಕ ಕೇಳಬೇಕು. ಒಮ್ಮೆ ‘ಘಟನೆ ನಡೆದ ಸ್ಥಳ ಯಾವುದು?’ ಎಂಬ ಪ್ರಶ್ನೆಯನ್ನು ಜಡ್ಜ್ ಮೇಡಂ ‘ಪುಟ್ಟಾ, ಅವತ್ತು ನೀನು ಎಲ್ಲಿ ಕೂತಿದ್ದೆ?’ ಅಂತ ಬದಲಿಸಿ ಕೇಳಿದರು. ಅಲ್ಲಿಯವರೆಗೆ ಉಗುರು ಕಚ್ಚುತ್ತಿದ್ದ ಮಗು ಪಟ್ಟನೆ ಹೇಳಿತು: ‘ಹಿಟ್ಟಿನ ಡಬ್ಬದ ಪಕ್ಕ.’ ಆ ಒಂದು ಮಾತು ಹೊರಬರಲಿ ಅಂತಲೇ ಈ ನಿಯಮ. ಆದರೆ ವಿಚಾರಣೆ ಒಂದು ವರ್ಷದೊಳಗೆ ಮುಗಿಯಬೇಕು ಅಂತಲೂ ಕಾಯ್ದೆ ಹೇಳುತ್ತದೆ, ‘ಸಾಧ್ಯವಾದಷ್ಟೂ’ ಅಂತ ಸೇರಿಸಿ. ವಾಯಿದೆ ಮೇಲೆ ವಾಯಿದೆ ಬಿದ್ದು ಮೂರು ವರ್ಷವಾದರೆ, ಏಳರ ಮಗು ಹತ್ತಕ್ಕೆ ಬಂದು ಏನಂತ ನೆನಪಿಸಿಕೊಳ್ಳಬೇಕು?

ಹದಿನೇಳರ ಹುಡುಗಿ ಪ್ರೀತಿಸಿ ಓಡಿಹೋದ ಕೇಸುಗಳೂ ಇದೇ ಕೋರ್ಟಿಗೆ ಬರುತ್ತವೆ. ವಯಸ್ಸಿನ ಮಿತಿ ಮರುಯೋಚಿಸಿ ಅಂತ 2022ರಲ್ಲಿ ನಮ್ಮ ಹೈಕೋರ್ಟ್ ಹೇಳಿತ್ತು. 2023ರಲ್ಲಿ ಕಾನೂನು ಆಯೋಗ 18 ಇಳಿಸುವುದು ಬೇಡ ಅಂದಿತು. ಅದು ಬೇರೆಯದೇ ಚರ್ಚೆ ಬಿಡಿ.

ಅನಾಹುತ ಆಗುವ ಮುಂಚೆ ತಡೆಯಬಲ್ಲದ್ದು ಪೋಕ್ಸೋದ 19ನೇ ಕಲಮು: ಗೊತ್ತಿದ್ದವರು ಪೊಲೀಸರಿಗೆ ತಿಳಿಸಲೇಬೇಕು. ಸುಮ್ನಿದ್ದರೆ ಆರು ತಿಂಗಳವರೆಗೆ ಜೈಲು, ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ. ನಡೆಯುವುದೇ ಬೇರೆ. ‘ಸ್ಕೂಲ್ ಹೆಸರು ಹಾಳಾಗುತ್ತೆ’ ಅಂತ ಮೇಷ್ಟ್ರಿಂದ ರಾಜೀನಾಮೆ ಬರೆಸಿಕೊಂಡು ಕಳಿಸುತ್ತಾರೆ. ಜೂನ್‌ನಲ್ಲಿ ಅವನು ಇನ್ನೊಂದು ಶಾಲೆಯಲ್ಲಿರುತ್ತಾನೆ. ಸಿಬ್ಬಂದಿಯ ಪೊಲೀಸ್ ವೆರಿಫಿಕೇಷನ್ ಆಗಾಗ ಮಾಡಿಸಲೇಬೇಕು ಅಂತ 2020ರ ನಿಯಮವಿದೆ. ಆದರೆ ದೂರೇ ದಾಖಲಾಗದವನ ಬಗ್ಗೆ ಪೊಲೀಸರ ಹತ್ತಿರ ಏನಿರುತ್ತದೆ? ಹಿಂದಿನ ಶಾಲೆಗೆ ಒಂದು ಫೋನ್ ಮಾಡಿ, ಯಾಕೆ ಬಿಟ್ಟ ಅಂತ ಕೇಳಿದ್ರಾ? ಪೋಷಕರ ಸಭೆಯಲ್ಲಿ ಫೀಸಿನ ಜೊತೆ ಇದನ್ನೂ ಕೇಳಿ.