ಹಬ್ಬಕ್ಕೆ ಜನ ಸಿಗುತ್ತಾರೆ, ಸಾವಿಗೆ ಅಳಿಯ ಬೇಕು

ಹೊರದೇಶದಲ್ಲಿ ನೇಪಾಳದ ಗುಡ್ಡಗಾಡಿನ ಗುರುಂಗರ ಸಂಸ್ಕೃತಿ ಉಳಿದಿದೆಯಾ ಅಂತ ಕೇಳಿ ನೋಡಿ, ಎಲ್ಲರೂ ಅವರ ಹೊಸ ವರ್ಷದ ಹಬ್ಬ ತಮು ಲ್ಹೋಸಾರ್‌ನ ಫೋಟೋಗಳನ್ನೇ ತೋರಿಸುತ್ತಾರೆ. ತೋರಿಸಲಿ. ಆ ಹಬ್ಬ ನನಗೂ ತುಂಬಾ ಇಷ್ಟ. ಇಂಗ್ಲೆಂಡಿನ ಆಲ್ಡರ್‌ಶಾಟ್‌ನಲ್ಲಿ ನಮ್ಮ ಪಕ್ಕದ ಮನೆ ಗುರುಂಗರದು. ಡಿಸೆಂಬರ್ 30 ಹತ್ತಿರ ಬಂತು ಅಂದರೆ ಬಜೈ, ಅಂದರೆ ಆ ಮನೆಯ ಅಜ್ಜಿ, ಘಲೇಕ್ ಎಂಬ ಮಖಮಲ್ಲಿನ ಉಡುಪು ಹೊರತೆಗೆದು ಬಿಸಿಲಿಗೆ ಹಾಕುತ್ತಾರೆ. ಬಾಜೆ, ಅಂದರೆ ಅಜ್ಜ, ತಮ್ಮ ಭಾಂಗ್ರಾ ಹುಡುಕುತ್ತಾರೆ. ಅದು ಅಲ್ಲೊ ನಾರಿನ ಬಟ್ಟೆ. ಅಲ್ಲೊ ಅಂದರೆ ಮುಟ್ಟಿದರೆ ಕೈ ಉರಿಯುವ, ತುರುಚೆ ಜಾತಿಯ ಗಿಡ. ಅದರ ತೊಗಟೆಯಿಂದ ನಾರು ತೆಗೆದು ನೇಯುತ್ತಾರೆ. ಎದೆಯ ಮೇಲೆ ಅಡ್ಡಡ್ಡ ತಂದು ಗಂಟು ಹಾಕಿದರೆ ಬೆನ್ನ ಹಿಂದೆ ಅದೇ ಚೀಲ! ಬಾಜೆಯ ಭಾಂಗ್ರಾದ ಅಂಚು ಸವೆದು ದಾರ ಎದ್ದಿದೆ. ಹೊಸದು ತರಿಸೋಣ ಅಂದರೆ ಒಪ್ಪುವುದಿಲ್ಲ.

ಹನ್ನೆರಡು ಪ್ರಾಣಿಗಳ ವರ್ಷಚಕ್ರ ಅವರದು. ಬೆಕ್ಕಿನ ವರ್ಷ, ಗರುಡನ ವರ್ಷ, ಜಿಂಕೆಯ ವರ್ಷ. ಹಾಲ್‌ನಲ್ಲಿ ಮಕ್ಕಳು ನಿನ್ನ ಲ್ಹೋ, ಅಂದರೆ ಹುಟ್ಟಿದ ವರ್ಷದ ಪ್ರಾಣಿ, ಯಾವುದು ಅಂತ ಒಬ್ಬರನ್ನೊಬ್ಬರು ಕೇಳಿಕೊಂಡು ಓಡಾಡುವುದನ್ನು ನೋಡಿದರೆ ಖುಷಿಯಾಗುತ್ತದೆ.

ಆದರೆ ಬಜೈ ಒಂದು ದಿನ ಅಂದ ಮಾತು ನನ್ನನ್ನು ಬಿಟ್ಟಿಲ್ಲ. "ಹಬ್ಬ ಯಾರು ಬೇಕಾದರೂ ಮಾಡಬಹುದು ಮಗು. ಸತ್ತರೆ ಅಳಿಯ ಬೇಕು."

ಗುರುಂಗರಲ್ಲಿ ಸತ್ತವರಿಗೆ ಮಾಡುವ ದೊಡ್ಡ ಕಾರ್ಯಕ್ಕೆ ಪೈ ಅನ್ನುತ್ತಾರೆ. ನೇಪಾಳಿಯಲ್ಲಿ ಅರ್ಘೌಂ. ಪೂರ್ತಿಯಾಗಿ ಮಾಡಿದರೆ ಮೂರು ಹಗಲು, ಎರಡು ರಾತ್ರಿ. ಬಿದಿರಿನ ಚೌಕಟ್ಟು ಕಟ್ಟಿ, ಬಿಳಿ ಬಟ್ಟೆ ಸುತ್ತಿ, ಸತ್ತವರದೇ ಬಟ್ಟೆ, ಒಡವೆ ತೊಡಿಸುತ್ತಾರೆ. ಅದಕ್ಕೆ ಪ್ಲಾ ಎಂದು ಹೆಸರು. ಪಚ್ಯು ಮತ್ತು ಕ್ಲ್ಹೇಪ್ರಿ ಎಂಬ ಪುರೋಹಿತರು ಮಂತ್ರ ಹೇಳುತ್ತಾ ಜೀವವನ್ನು ಹಿರಿಯರು ಬಂದ ದಾರಿಯಲ್ಲೇ ಒಂದೊಂದು ಜಾಗದ ಹೆಸರು ಹಿಡಿದು ಮೇಲಕ್ಕೆ ಕರೆದೊಯ್ಯುತ್ತಾರೆ. ಎಲ್ಲ ಬಾಯಿಪಾಠ. ಇದರಲ್ಲಿ ನೆಂಟರಿಗೆಲ್ಲ ಕೆಲಸ ಹಂಚಿದೆ. ಬಿಳಿ ಬಟ್ಟೆ ತರಬೇಕಾದವರು ಸೋದರಮಾವನ ಕಡೆಯವರು. ಓಡಾಟ, ಕೈಕೆಲಸ ಅಳಿಯಂದಿರದು. ದುಡ್ಡು ಕೊಟ್ಟು ಬೇರೆಯವರಿಂದ ಮಾಡಿಸಿದರೆ ಅದು ಪೈ ಅನ್ನಿಸುವುದಿಲ್ಲ ಅಂತಾರೆ ಬಾಜೆ.

ಅವರ ಊರು ಅನ್ನಪೂರ್ಣದ ತಪ್ಪಲಿನ ಸಿಕ್ಲಿಸ್. ಬ್ರಿಟಿಷ್ ಸೈನ್ಯದಲ್ಲಿ ಗೂರ್ಖಾ ಆಗಿ ಹಾಂಗ್‌ಕಾಂಗ್‌ನಲ್ಲಿ ದುಡಿದವರು. 1997ರ ಜುಲೈ 1ಕ್ಕೆ ಮುಂಚೆ ನಿವೃತ್ತರಾದ ಗೂರ್ಖಾಗಳಿಗೆ ಇಲ್ಲಿ ನೆಲೆಸುವುದು ಬಹಳ ಕಷ್ಟವಿತ್ತು. ನಟಿ ಜೊವಾನ್ನಾ ಲಮ್ಲೀ ಅವರೂ ಜೊತೆಗೆ ನಿಂತ ದೊಡ್ಡ ಹೋರಾಟದ ನಂತರ 2009ರಲ್ಲಿ ಬಾಗಿಲು ತೆರೆಯಿತು. ನಾಲ್ಕು ವರ್ಷ ಸೇವೆ ಮಾಡಿದ್ದರೆ ಸಾಕು, ಬರಬಹುದು. ಹೆಂಡತಿಯನ್ನೂ ಹದಿನೆಂಟು ತುಂಬದ ಮಕ್ಕಳನ್ನೂ ಕರೆತರಬಹುದು. ಆದರೆ ನಿವೃತ್ತರಾಗಿ ದಶಕಗಳಾದವರ ಮಕ್ಕಳು ಅಷ್ಟೊತ್ತಿಗೆ ದೊಡ್ಡವರಾಗಿರಲ್ವಾ? ಅವರಿಗೆ ತಂತಾನೇ ಹಕ್ಕು ಬರಲಿಲ್ಲ. ಬಾಜೆಯ ಕೊನೆಯ ಮಗನೂ ಗೂರ್ಖಾ ಸೈನ್ಯಕ್ಕೆ ಸೇರಿದ್ದರಿಂದ ಪಕ್ಕದ ಫಾರ್ನ್‌ಬರೋದಲ್ಲಿದ್ದಾನೆ. ಹೆಣ್ಣುಮಕ್ಕಳಿಬ್ಬರೂ ಪೋಖರಾದಲ್ಲಿ. ಅಳಿಯಂದಿರೂ ಅಲ್ಲೇ.

ಇದು ನನಗೆ ತುಂಬಾ ಅನ್ಯಾಯ ಅನ್ನಿಸುತ್ತದೆ. ಮುದುಕರನ್ನು ಮಾತ್ರ ಬಿಟ್ಟುಕೊಂಡು ಮನೆತನವನ್ನು ಅಲ್ಲೇ ಉಳಿಸಿದ ಹಾಗಾಯಿತು. ನೆಂಟಸ್ತಿಕೆಯ ಮೇಲೇ ನಿಂತ ಆಚಾರ, ನೆಂಟರಿಲ್ಲದೆ ಹೇಗೆ ನಡೆಯಬೇಕು?

ಭಾಷೆಯದೂ ಇದೇ ಕಥೆ. 2011ರ ನೇಪಾಳ ಜನಗಣತಿಯಲ್ಲಿ ಗುರುಂಗರು 5 ಲಕ್ಷ 22 ಸಾವಿರ. ತಾಯ್ನುಡಿ ಗುರುಂಗ್ ಅಂತ ಬರೆಸಿದವರು 3 ಲಕ್ಷ 25 ಸಾವಿರ. ನೇಪಾಳದಲ್ಲೇ ಹೀಗೆ. ಇಲ್ಲಿ ಬಾಜೆ, ಬಜೈ ತಮ್ಮತಮ್ಮಲ್ಲಿ ತಮು ಕ್ಯೀ, ಅಂದರೆ ಗುರುಂಗ್ ಭಾಷೆ, ಮಾತಾಡುತ್ತಾರೆ, ಮಗನ ಜೊತೆ ನೇಪಾಳಿ. ಮೊಮ್ಮಗಳ ಮುಂದೆ ಇಬ್ಬರ ಮಾತೂ ಕಮ್ಮಿಯಾಗುತ್ತದೆ. ಅವಳದು ಇಂಗ್ಲಿಷ್.

ಹಬ್ಬದ ಕುಣಿತದ ತಾಲೀಮಿಗೆ ವಾರಗಟ್ಟಲೆ ಸಮಯ ಕೊಡುತ್ತಾರೆ, ಒಳ್ಳೆಯದೇ. ಅದರಲ್ಲಿ ಅರ್ಧ ಹೊತ್ತು ಮಕ್ಕಳನ್ನು ಈ ಹಿರಿಯರ ಎದುರು ಸುಮ್ನೆ ಕೂರಿಸಿ ಅಂತ ನನ್ನ ಬೇಡಿಕೆ. ಪುರೋಹಿತರ ಮಂತ್ರ ಎಲ್ಲರಿಗೂ ಬರಬೇಕಿಲ್ಲ. ಯಾರು ಯಾರಿಗೆ ಏನಾಗಬೇಕು, ಸಾವಿನ ಮನೆಯಲ್ಲಿ ಯಾರ ಕೈಗೆ ಯಾವ ಕೆಲಸ, ಅದನ್ನು ತಮು ಕ್ಯೀಯಲ್ಲೇ ಕಲಿತರೆ ಸಾಕು. ಅಳಿಯ ಇಲ್ಲದ ಕಡೆ ಯಾರನ್ನು ಅಳಿಯನ ಜಾಗದಲ್ಲಿ ನಿಲ್ಲಿಸಬಹುದು ಅನ್ನುವುದನ್ನೂ ಈ ಹಿರಿಯರೇ ಕೂತು ತೀರ್ಮಾನಿಸಬೇಕು. ಬಾಜೆಗೆ ಎಂಬತ್ತು ದಾಟಿದೆ. ಆ ಮಾತು ಈಗಲೇ ಆಗಬೇಕು.

ಇದನ್ನೆಲ್ಲ ಮೊಮ್ಮಗಳಿಗೆ ಹೇಳಿದೆ. ಭಾನುವಾರ ಅವಳು ಫೋನ್ ಹಿಡಿದು ಅಡುಗೆಮನೆಗೆ ಬಂದಳು. ಬಜೈ ಢಿಂಡೊ ಎಂಬ ಹಿಟ್ಟಿನ ಮುದ್ದೆ ತಿರುವುತ್ತಿದ್ದರು. ಥೇಟ್ ನಮ್ಮ ರಾಗಿ ಮುದ್ದೆ ತಿರುವಿದ ಹಾಗೆ, ಎರಡೂ ಕೈಯಲ್ಲಿ ಕೋಲು ಹಿಡಿದು. ಹುಡುಗಿ ಇಂಗ್ಲಿಷಿನಲ್ಲಿ ಕೇಳಿದಳು, ಬಜೈ ತಮು ಕ್ಯೀಯಲ್ಲಿ ಉತ್ತರ ಕೊಟ್ಟರು, ಬಾಜೆ ನಡುವೆ ಬಾಯಿ ಹಾಕಿ ಹೆಸರುಗಳನ್ನು ತಿದ್ದಿದರು. ಮಗನ ಕಡೆಯ ನೆಂಟರ ಪಟ್ಟಿ ಮುಗಿಯುವಷ್ಟರಲ್ಲಿ ಢಿಂಡೊ ತಳ ಹಿಡಿಯಿತು. ಬಜೈಯ ತವರಿನ ಕಡೆಯದು ಇನ್ನೂ ಬಾಕಿ ಇದೆ.