ಎಂಟು ಗಂಟೆಯ ಗುಳಿಗೆ

ಕಳೆದ ಮಳೆಗಾಲದಲ್ಲಿ ಅಮ್ಮನಿಗೆ ಮಂಗಳೂರಿನಲ್ಲಿ ಮೊಣಕಾಲಿನ ಆಪರೇಷನ್ ಆಯ್ತು. ಹಳೇ ಕೀಲು ತೆಗೆದು ಹೊಸದು ಹಾಕಿದರು. ಕಾಪುವಿನ ಮನೆಗೆ ಬರುವಾಗ ಒಂದು ಚೀಲ ಮದ್ದು. ನೋವಿಗೆ ಟ್ರಾಮಡಾಲ್ ಮತ್ತು ಪ್ಯಾರಾಸಿಟಮಾಲ್ ಸೇರಿದ ಗುಳಿಗೆ. ಬೆಳಗ್ಗೆ ಒಂದು, ರಾತ್ರಿ ಒಂದು, ಐದು ದಿನ. ಅದು ಅಫೀಮಿನ ಜಾತಿಯ ಮದ್ದು ಅಂತ ಯಾರೂ ಹೇಳಲಿಲ್ಲ. ನಾವೂ ಕೇಳಲಿಲ್ಲ.

ಐದು ದಿನಕ್ಕೆ ನೋವು ಮುಗಿಯಲಿಲ್ಲ. ಕಾಲು ಬಗ್ಗಿಸುವ ವ್ಯಾಯಾಮ ಅಂದರೆ ಅಮ್ಮನ ಕಣ್ಣಲ್ಲಿ ನೀರು. ಹಳೇ ಚೀಟಿ ತೋರಿಸಿದೆ, ಒಂದು ಮೆಡಿಕಲ್‌ನಲ್ಲಿ ಸುಮ್ನೆ ಕೊಟ್ಟರು. ಎರಡು ಸಲ ಕೊಟ್ಟರು. ನಾಲ್ಕನೇ ವಾರಕ್ಕೆ ಅಮ್ಮ ಕೋಲು ಹಿಡಿದು ಜಗಲಿಯವರೆಗೆ ನಡೆಯುತ್ತಿದ್ದಳು. ಆದರೂ ರಾತ್ರಿ ಎಂಟಕ್ಕೆ, ಗಂಜಿ ಬಟ್ಟಲು ಕೈಯಲ್ಲಿರುವಾಗಲೇ, "ಮಗಾ, ಆ ಗುಳಿಗೆ ಕೊಡು" ಅನ್ನುತ್ತಿದ್ದಳು. ನೋವುಂಟಾ ಅಂತ ಕೇಳಿದರೆ, "ಜಾಸ್ತಿ ಇಲ್ಲ. ಅದು ತಿಂದ್ರೆ ಒಳ್ಳೆ ನಿದ್ದೆ ಬರ್ತದೆ."

ಗುಳಿಗೆ ಖಾಲಿಯಾದ ದಿನ ಬೇರೆ ಮೆಡಿಕಲ್‌ಗೆ ಹೋದೆ. ಅಲ್ಲಿನವರು ಚೀಟಿಯ ತಾರೀಕು ನೋಡಿದರು. "ಇದು ಕೊಡ್ಲಿಕ್ಕೆ ಆಗುದಿಲ್ಲ ಅಕ್ಕ, ಹೊಸ ಚೀಟಿ ಬೇಕು." ನನಗೆ ಸಿಟ್ಟು ಬಂತು. ಅವರು ಒಂದು ಸ್ಟ್ರಿಪ್ ತೆಗೆದು ಕೆಂಪು ಚೌಕಟ್ಟಿನೊಳಗಿನ ಎಚ್ಚರಿಕೆ ತೋರಿಸಿದರು. ಇಂಥ ಮದ್ದಿಗೆ ಬೇರೆಯೇ ಪುಸ್ತಕ. ಯಾರು ಬರೆದರು, ಯಾರಿಗೆ, ಎಷ್ಟು, ಎಲ್ಲ ದಾಖಲಿಸಿ 3 ವರ್ಷ ಇಡಬೇಕು. 2018ರಲ್ಲಿ ಟ್ರಾಮಡಾಲನ್ನು ಮಾದಕ ವಸ್ತುಗಳ ಕಾಯ್ದೆಗೂ ಸೇರಿಸಿದ್ದಾರೆ. "ಎಷ್ಟು ದಿನದಿಂದ ತಿಂತಿದ್ದಾರೆ?" ಅಂದರು. 26 ದಿನ ಅನ್ನುವಾಗ ನನ್ನ ದನಿ ಇಳಿದಿತ್ತು.

ಆ ರಾತ್ರಿ ಹೊರಗೆ ಜಡಿಮಳೆ, ತಣ್ಣನೆ ಗಾಳಿ. ಅಮ್ಮನ ರವಿಕೆ ಮಾತ್ರ ಬೆವರಿಗೆ ಬೆನ್ನಿಗಂಟಿತ್ತು. ಮೂಗು ಸೋರುತ್ತಿತ್ತು. ಆಕಳಿಕೆ ಮೇಲೆ ಆಕಳಿಕೆ, ನಿದ್ದೆ ಮಾತ್ರ ಇಲ್ಲ. ಆಪರೇಷನ್ ಆಗದ ಕಾಲನ್ನೂ ಹಾಸಿಗೆಗೆ ತಿಕ್ಕುತ್ತಿದ್ದಳು. ಜ್ವರ ನೋಡಿದೆ. ಇರಲಿಲ್ಲ.

"ದೇಹ ಮದ್ದಿಗೆ ಒಗ್ಗಿಹೋಗಿದೆ, ಒಮ್ಮೆಲೇ ನಿಲ್ಲಿಸಬಾರದು" ಅಂದರು ಮರುದಿನ ಡಾಕ್ಟರ್. "ನಾನು ಕುಡುಕರ ಹಾಗೆ ಆದೆನಾ?" ಅಂತ ಅಮ್ಮ ತಲೆ ತಗ್ಗಿಸಿ ಕೇಳಿದಳು. ಆ ಮಾತು ಇವತ್ತಿಗೂ ನನಗೆ ಚುಚ್ಚುತ್ತದೆ. ಬರೆದುಕೊಟ್ಟದ್ದು ಯಾರೋ, ತಂದುಕೊಟ್ಟದ್ದು ನಾನು, ನಾಚಿಕೆ ಅವಳಿಗೆ.

ಆಮೇಲೆ ಒಂದಷ್ಟು ಓದಿದೆ. 2017ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಮೊದಲು ಈ ಜಾತಿಯ ಮದ್ದು ತಿನ್ನದೇ ಇದ್ದವರಲ್ಲೂ ನೂರಕ್ಕೆ ಸುಮಾರು 6 ಮಂದಿ ಆಪರೇಷನ್ ಆಗಿ ಮೂರು ತಿಂಗಳು ಕಳೆದ ಮೇಲೂ ಅದನ್ನು ತರಿಸಿಕೊಳ್ಳುತ್ತಿದ್ದರು. ಆಪರೇಷನ್ ಸಣ್ಣದಾದರೂ ದೊಡ್ಡದಾದರೂ ಲೆಕ್ಕ ಹೆಚ್ಚುಕಡಿಮೆ ಅಷ್ಟೇ. ಹಾಗಾದರೆ ಕಾರಣ ಗಾಯದ ನೋವೊಂದೇ ಅಲ್ಲ, ಅಲ್ವಾ? ಮದ್ದು ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಅದಿಲ್ಲದೆ ಮೊದಲ ವಾರ ಅಮ್ಮ ಕಾಲು ಬಗ್ಗಿಸುತ್ತಲೇ ಇರಲಿಲ್ಲ. ಆದರೆ ಯಾವಾಗ, ಹೇಗೆ ನಿಲ್ಲಿಸಬೇಕು ಅಂತ ಮನೆಗೆ ಕಳಿಸುವಾಗ ಕೂರಿಸಿ ಹೇಳಬೇಕಿತ್ತು.

ಡಾಕ್ಟರ್ ಹೇಳಿದ ಹಾಗೆ ಬೆಳಗ್ಗಿನದು ಮೊದಲು ಬಿಟ್ಟೆವು. ಆಮೇಲೆ ರಾತ್ರಿಯದು ದಿನ ಬಿಟ್ಟು ದಿನ. ಪೂರ್ತಿ ನಿಲ್ಲಿಸಿದ ರಾತ್ರಿ ಎಂಟಕ್ಕೆ ಅಮ್ಮ ಗಂಜಿ ಬಟ್ಟಲು ಕೆಳಗಿಟ್ಟು ನನ್ನ ಮುಖ ನೋಡಿದಳು. ಏನೂ ಕೇಳಲಿಲ್ಲ. ಮೊಣಕಾಲಿಗೆ ಐಸ್ ಚೀಲ ಇಟ್ಟು ಪಕ್ಕದಲ್ಲೇ ಕೂತೆ. ಹನ್ನೊಂದರ ಹೊತ್ತಿಗೆ ಗೊರಕೆ ಕೇಳಿತು.